ಮೂರು ಮೂಟೆ ಯೂರಿಯಾ ಒಂದೂವರೆ ಮೂಟೆಗೆ ಇಳಿದದ್ದು

2019ರ ಜನವರಿ. ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಎದೆಹಾಲು ಸಾಲದೆ ಮಗುವಿಗೆ ದಿನಕ್ಕೆ ಎರಡು ಸಲ ಪುಡಿ ಹಾಲು ಕಲಸಿ ಕೊಡುತ್ತಿದ್ದೆವು. ಮಗುವಿನ ತೂಕ ನೋಡಲು ಬಂದ ಆರೋಗ್ಯ ಸಹಾಯಕಿ ಕೇಳಿದರು, "ಹಾಲಿಗೆ ಯಾವ ನೀರು ಬಳಸ್ತೀರಮ್ಮ?" ನನ್ನ ಹೆಂಡತಿ, "ನಮ್ಮ ಬೋರ್ ನೀರೇ ಮೇಡಂ, ಚೆನ್ನಾಗಿ ಕುದಿಸಿ ಆರಿಸಿ ಹಾಕ್ತೀವಿ" ಅಂದಳು. "ಕುದಿಸಿದ್ರೆ ಕ್ರಿಮಿ ಸಾಯ್ತವೆ ಅಷ್ಟೇ. ಹೊಲಗದ್ದೆ ಪಕ್ಕದ ಬೋರ್ ಅಲ್ವಾ, ಒಂದು ಸಲ ಪರೀಕ್ಷೆ ಮಾಡಿಸಿ" ಅಂತ ಹೇಳಿ ಹೋದರು.

ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿ ತಾಲ್ಲೂಕಿನ ಲ್ಯಾಬಿಗೆ ಕೊಟ್ಟು ಬಂದೆ. ವಾರ ಕಳೆದು ಚೀಟಿ ಸಿಕ್ಕಿತು. ನೈಟ್ರೇಟ್ ಲೀಟರಿಗೆ 82 ಮಿಲಿಗ್ರಾಂ. ಪಕ್ಕದಲ್ಲೇ ಇರಬೇಕಾದ ಮಿತಿ ಅಂತ 45 ಬರೆದಿತ್ತು. ನೈಟ್ರೇಟ್ ಜಾಸ್ತಿ ಇರುವ ನೀರಲ್ಲಿ ಹಾಲು ಕಲಸಿ ಕೊಟ್ಟರೆ ಹಸುಗೂಸಿನ ರಕ್ತ ಆಮ್ಲಜನಕ ಹೊರುವುದು ಕಮ್ಮಿಯಾಗುತ್ತದೆ, ತುಟಿ ಉಗುರು ನೀಲಿ ತಿರುಗುತ್ತವೆ ಅಂತ ಅಲ್ಲಿದ್ದವರು ವಿವರಿಸಿದರು. ಇನ್ನೊಂದು ಮಾತು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾಗುವುದರಿಂದ ಉಳಿದ ನೀರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ನಾವು ಮಗುವಿಗೆ ಒಳ್ಳೆಯದಾಗಲಿ ಅಂತ ಹತ್ತು ಹತ್ತು ನಿಮಿಷ ಕುದಿಸುತ್ತಿದ್ದೆವು.

ಮಗುವಿಗೆ ಏನೂ ಆಗಲಿಲ್ಲ. ಅವತ್ತಿಂದಲೇ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದೆವು. ಆದರೆ ನನಗೆ ಆ 82 ತಲೆಯಿಂದ ಹೋಗಲಿಲ್ಲ. ಆ ನೈಟ್ರೇಟ್ ಎಲ್ಲಿಂದ ಬಂತು ಅನ್ನುವುದಕ್ಕೆ ನಾನು ದೂರ ಹುಡುಕಬೇಕಿರಲಿಲ್ಲ. ಬೋರ್‌ವೆಲ್‌ನ ಸುತ್ತ ಇರುವುದು ನನ್ನದೇ ಜಮೀನು. ಅಲ್ಲಿ ಸುರಿದ ಯೂರಿಯಾದ ಸಾರಜನಕವೇ ಮಣ್ಣಲ್ಲಿ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ.

ನಮ್ಮದು ಮಂಡ್ಯ ಕಡೆ. ವಿಶ್ವೇಶ್ವರಯ್ಯ ನಾಲೆ ನೀರು ಹಾಯುವ ಎರಡು ಎಕರೆ ಗದ್ದೆ ಇದೆ. ಮನೆ ಹಿಂದೆ ಕೆಂಪು ಮಣ್ಣಿನ ಒಂದು ಎಕರೆ ಹತ್ತು ಗುಂಟೆಯಲ್ಲಿ ಕಬ್ಬು. ಬೋರ್ ಇರುವುದು ಕಬ್ಬಿನ ತಲೆಯಲ್ಲಿ. ನಮ್ಮಪ್ಪನ ಕಾಲದಿಂದ ಭತ್ತಕ್ಕೆ ಒಂದು ಅಳತೆ ಅಂತ ಇತ್ತು. ಎಕರೆಗೆ ಎರಡು ಮೂಟೆ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಮೂರು ಮೂಟೆ ಯೂರಿಯಾ. ಪೊಟ್ಯಾಷ್ ದುಡ್ಡಿದ್ದರೆ ಹಾಕುವುದು, ಇಲ್ಲದಿದ್ದರೆ ಇಲ್ಲ. ಯಾಕೆ ಇಷ್ಟು ಅಂತ ನಾನೂ ಕೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ಗದ್ದೆ ಕಪ್ಪಗೆ ಹಸಿರಾಗಿದ್ದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ, ಅದೊಂದು ಹೆಮ್ಮೆ.

ಮೊದಲು ಮಾಡಿದ ಕೆಲಸ ಮಣ್ಣು ಪರೀಕ್ಷೆ. ಮಣ್ಣು ಆರೋಗ್ಯ ಚೀಟಿ ಅಂತ ಒಂದು ಹಿಂದೆಯೇ ಮನೆಗೆ ಬಂದಿತ್ತು. ಆದರೆ ಅದರ ಮಣ್ಣನ್ನು ನನ್ನ ಗದ್ದೆಯಿಂದ ತೆಗೆದದ್ದನ್ನು ನಾನು ನೋಡಿರಲಿಲ್ಲ. ಈ ಸಲ ನಾನೇ ತೆಗೆದೆ. ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮುಂಚೆ. ಬದು, ಮರದ ಬುಡ, ತಿಪ್ಪೆ ಹಾಕಿದ ಜಾಗ ಬಿಟ್ಟು ಹತ್ತು ಕಡೆ ಗುದ್ದಲಿಯಿಂದ ಗೇಣುದ್ದ ಅಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಮಣ್ಣು ಕೆರೆದುಕೊಂಡೆ. ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಕಿ, ಹೀಗೇ ಮಾಡುತ್ತಾ ಅರ್ಧ ಕೆಜಿಗೆ ತಂದು, ನೆರಳಲ್ಲಿ ಒಣಗಿಸಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ಗೆ ಕೊಟ್ಟೆ. ಗದ್ದೆಯದು ಬೇರೆ ಚೀಲ, ಕಬ್ಬಿನದು ಬೇರೆ ಚೀಲ.

ಗದ್ದೆಯ ವರದಿಯಲ್ಲಿ ರಂಜಕ ಜಾಸ್ತಿ. ಪೊಟ್ಯಾಷ್ ಸಾಧಾರಣ. ಸಾವಯವ ಇಂಗಾಲ ಕಮ್ಮಿ. ಸತು ಕಮ್ಮಿ. ಇಷ್ಟು ವರ್ಷ ಹಾಕಿದ ಡಿಎಪಿಯ ರಂಜಕ ಮಣ್ಣಲ್ಲೇ ಕೂತಿದೆ, ಅದು ಸತುವನ್ನೂ ಬೆಳೆಗೆ ಸಿಗದಂತೆ ಮಾಡಿದೆ. ನಾಟಿ ಆದ ಮೂರನೇ ವಾರಕ್ಕೆ ಪೈರಿನ ಎಲೆ ಮೇಲೆ ತುಕ್ಕಿನ ಹಾಗೆ ಕಂದು ಚುಕ್ಕೆ ಬರುತ್ತಿತ್ತು. ನಾನು ಅದಕ್ಕೆ ರೋಗ ಅಂತ ಔಷಧಿ ಹೊಡೆಯುತ್ತಿದ್ದೆ. ಅಂಗಡಿಯವರೂ ಔಷಧಿಯನ್ನೇ ಕೊಡುತ್ತಿದ್ದರು. ಬೇಕಾಗಿದ್ದದ್ದು ಎಕರೆಗೆ ಎಂಟು ಕೆಜಿ ಸತುವಿನ ಸಲ್ಫೇಟ್, ಅದೂ ಡಿಎಪಿ ಜೊತೆ ಬೆರೆಸದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಪ್ರತಿಯೊಬ್ಬ ರೈತರೂ ಒಂದು ಸಲ ಕೈಯಾರೆ ಹಾಕಬೇಕು ಅಂತ ನನ್ನ ಆಸೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಈಗಿನ ಮೂಟೆ 45 ಕೆಜಿ, ಅಂದರೆ ಒಂದು ಮೂಟೆಯಲ್ಲಿ 20.7 ಕೆಜಿ ಸಾರಜನಕ. ಮೂರು ಮೂಟೆಗೆ 62. ಡಿಎಪಿಯಲ್ಲಿ ಸಾರಜನಕ 18, ರಂಜಕ 46. 50 ಕೆಜಿಯ ಎರಡು ಮೂಟೆಗೆ ಸಾರಜನಕ 18 ಕೆಜಿ, ರಂಜಕ 46 ಕೆಜಿ. ಒಟ್ಟು ನಾನು ಎಕರೆಗೆ ಹಾಕುತ್ತಿದ್ದದ್ದು 80 ಕೆಜಿ ಸಾರಜನಕ, 46 ಕೆಜಿ ರಂಜಕ, ಪೊಟ್ಯಾಷ್ ಸೊನ್ನೆ. ನಾಟಿ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 100:50:50 ಕೆಜಿ. ಎಕರೆಗೆ ಇಳಿಸಿದರೆ 40:20:20. ಎರಡನ್ನು ಎರಡರಷ್ಟು, ಒಂದನ್ನು ಏನೂ ಇಲ್ಲ. ಹೀಗೆ ಮಾಡುತ್ತಿದ್ದೆ.

ಹೆಚ್ಚಾದದ್ದು ಎಲ್ಲಿಗೆ ಹೋಗುತ್ತಿತ್ತು ಅನ್ನುವುದನ್ನು ನನಗೆ ತೋರಿಸಿದ್ದು ಕೆಳಗಿನ ಗದ್ದೆಯ ಅಣ್ಣ. ನಮ್ಮಲ್ಲಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹಾಯುತ್ತದೆ. ನಾಲೆಯಲ್ಲಿ ಕಟ್ಟು ಪದ್ಧತಿ ಅಲ್ವಾ, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ, ನೀರು ಬಿಟ್ಟ ದಿನವೇ ಎಲ್ಲರೂ ಯೂರಿಯಾ ಎರಚುವುದು ರೂಢಿ. ಗೊಬ್ಬರ ಕಮ್ಮಿ ಮಾಡ್ತೀನಿ ಅಂದಾಗ ಅವರು ಹೇಳಿದರು, "ಮಾಡ್ಕೊ. ಆದ್ರೆ ನಂಗೆ ಮೊದ್ಲೇ ಹೇಳ್ಬಿಡು ಕಣಪ್ಪ. ನೀನು ಯೂರಿಯಾ ಹಾಕಿದ್ರೆ ನಾನು ಅರ್ಧ ಮೂಟೆ ಕಮ್ಮಿ ಹಾಕ್ತಿದ್ದೆ. ನಿನ್ ಗದ್ದೆ ನೀರೇ ತಂದು ಕೊಡ್ತದೆ." ಇಷ್ಟು ವರ್ಷ ಅವರ ಪೈರು ಕಮ್ಮಿ ಗೊಬ್ಬರದಲ್ಲೂ ಹಸಿರಾಗಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು. ಅವರ ಗದ್ದೆ ದಾಟಿದ ನೀರು ಬಸಿಗಾಲುವೆಗೆ ಬಿದ್ದು ಕೆರೆಗೆ ಹೋಗುತ್ತದೆ. ನಮ್ಮೂರ ಕೆರೆಯಲ್ಲಿ ಈಗ ನೀರಿಗಿಂತ ಅಂತರಗಂಗೆಯೇ ಜಾಸ್ತಿ ಕಾಣುತ್ತದೆ. ನಾನು ಚಿಕ್ಕವನಿದ್ದಾಗ ಅದೇ ಕೆರೆಯಲ್ಲಿ ಈಜು ಕಲಿತೆ.

ಒಂದೇ ಸಲ ಎರಡೂ ಎಕರೆಯಲ್ಲಿ ಕಮ್ಮಿ ಮಾಡುವ ಧೈರ್ಯ ಬರಲಿಲ್ಲ. 2019ರ ಮುಂಗಾರಿನಲ್ಲಿ ಹತ್ತು ಗುಂಟೆಯ ಒಂದು ಪಾತಿಯಲ್ಲಿ ಶುರು ಮಾಡಿದೆ. ಎಕರೆ ಲೆಕ್ಕದಲ್ಲಿ ಒಂದು ಮೂಟೆ ಡಿಎಪಿ, ಒಂದೂವರೆ ಮೂಟೆ ಯೂರಿಯಾ, 33 ಕೆಜಿ ಪೊಟ್ಯಾಷ್. ಇಷ್ಟಕ್ಕೆ ಸಾರಜನಕ ಸರಿಯಾಗಿ 40 ಕೆಜಿ ಬರುತ್ತದೆ. ಇಪ್ಪತ್ತನೇ ದಿನಕ್ಕೆ ಆ ಪಾತಿ ಹಳದಿಯಾಯಿತು. ಸುತ್ತಲೂ ಕಪ್ಪು ಹಸಿರು, ನಡುವೆ ನನ್ನ ಹತ್ತು ಗುಂಟೆ ಕಾಮಾಲೆ ಬಂದವರ ಹಾಗೆ. ಹೆಂಡತಿ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೇ. ಹಿಂದಿನ ಬೆಳೆಯ ಕೂಳೆ, ಹುಲ್ಲು ಉತ್ತು ಒಂದೇ ವಾರಕ್ಕೆ ನಾಟಿ ಮಾಡಿದ್ದೆ. ಕೂಳೆ, ಹುಲ್ಲು ಕೊಳೆಯುವಾಗ ಮಣ್ಣಿನ ಜೀವಾಣುಗಳು ಇರುವ ಸಾರಜನಕವನ್ನೆಲ್ಲ ತಾವೇ ಎಳೆದುಕೊಳ್ಳುತ್ತವೆ. ಎಕರೆಗೆ ಹದಿನೈದು ಕೆಜಿ ಲೆಕ್ಕದಲ್ಲಿ ಯೂರಿಯಾ ಕೊಟ್ಟ ಮೇಲೆ ಪೈರು ತಿರುಗಿಕೊಂಡಿತು. ಈಗ ಉಳುಮೆಗೂ ನಾಟಿಗೂ ನಡುವೆ ಮೂರು ವಾರ ಬಿಡುತ್ತೇನೆ. ನೀರು ಬೇಗ ಸಿಕ್ಕ ವರ್ಷ ಹಸಿರು ಗೊಬ್ಬರಕ್ಕೆ ಬೆಳೆಯುವ ಡಯಂಚ ಗಿಡ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುತ್ತೇನೆ.

ಎಷ್ಟು ಹಾಕುತ್ತೇವೆ ಅನ್ನುವುದಕ್ಕಿಂತ ಯಾವಾಗ ಹಾಕುತ್ತೇವೆ ಅನ್ನುವುದು ದೊಡ್ಡದು. ಇದು ನನಗೆ ಆ ವರ್ಷವೇ ಮನದಟ್ಟಾಯಿತು. ಮೊದಲು ನಾಟಿ ದಿನವೇ ಒಂದು ಮೂಟೆ ಯೂರಿಯಾ ಹಾಕುತ್ತಿದ್ದೆ. ಆಗ ಪೈರಿಗೆ ಬೇರೇ ಹಿಡಿದಿರುವುದಿಲ್ಲ, ಅದು ತಿನ್ನುವುದಾದರೂ ಹೇಗೆ? ಈಗ ತಳಗೊಬ್ಬರದಲ್ಲಿ ಡಿಎಪಿಯ ಸಾರಜನಕ ಬಿಟ್ಟರೆ ಯೂರಿಯಾ ಸ್ವಲ್ಪವೇ. ಉಳಿದದ್ದು ತೆಂಡೆ ಒಡೆಯುವಾಗ (ಬುಡದಿಂದ ಹೊಸ ಕವಲು ಬರುವಾಗ) ಒಮ್ಮೆ, ಹೊಡೆ (ಎಳೆ ತೆನೆ) ಕಟ್ಟುವ ಮುಂಚೆ ಒಮ್ಮೆ.

ಅದಕ್ಕೂ ಕ್ಯಾಲೆಂಡರ್ ನೋಡುವುದಿಲ್ಲ, ಎಲೆ ನೋಡುತ್ತೇನೆ. ಎಲೆ ಬಣ್ಣದ ಪಟ್ಟಿ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ತಿಳಿ ಹಸಿರಿಂದ ಕಡು ಹಸಿರಿನ ತನಕ ಬಣ್ಣದ ಮನೆಗಳು ಅದರಲ್ಲಿರುತ್ತವೆ. ನಾಟಿಯಾದ ಹದಿನಾಲ್ಕನೇ ದಿನದಿಂದ ವಾರಕ್ಕೊಮ್ಮೆ ಗದ್ದೆಗಿಳಿದು ಹತ್ತು ಬುಡ ನೋಡುತ್ತೇನೆ. ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ಎಲೆ ಕೀಳುವ ಹಾಗಿಲ್ಲ. ಬಿಸಿಲು ಎಲೆ ಮೇಲೆ ನೇರ ಬಿದ್ದರೆ ಬಣ್ಣ ತಿಳಿಯಾಗಿ ಕಾಣುತ್ತದೆ, ಅದಕ್ಕೆ ಬೆನ್ನು ಸೂರ್ಯನ ಕಡೆ ಮಾಡಿ ನಮ್ಮ ನೆರಳಲ್ಲೇ ಹಿಡಿಯಬೇಕು. ಹತ್ತರಲ್ಲಿ ಆರು ಎಲೆ ನಾಲ್ಕನೇ ಬಣ್ಣಕ್ಕಿಂತ ತಿಳಿಯಾಗಿದ್ದರೆ ಯೂರಿಯಾ ಹಾಕು, ಇಲ್ಲದಿದ್ದರೆ ಸುಮ್ನೆ ಮನೆಗೆ ಬಾ. ಮೊದಮೊದಲು ಒಬ್ಬನಿಗೆ ಗುಮಾನಿ ಬರುತ್ತದೆ. ನಾನೂ ಹೆಂಡತಿಯೂ ಬೇರೆಬೇರೆ ನೋಡಿ ಹೊಂದಿಸಿಕೊಳ್ಳುತ್ತಿದ್ದೆವು. ಅವಳ ಕಣ್ಣೇ ಸರಿ ಅಂತ ಈಗ ಅವಳಿಗೇ ಬಿಟ್ಟಿದ್ದೇನೆ.

ಎರಚುವ ದಿನದ ನೀರಿನ ಕೆಲಸ ಇನ್ನೊಂದು. ನಾಲೆ ನೀರು ಬಿಟ್ಟ ದಿನ ಹಾಕುವುದು ನಿಲ್ಲಿಸಿದೆ. ಗದ್ದೆಯಲ್ಲಿ ನೀರು ಇಂಗಿ ಕೆಸರಿನ ಮೇಲೆ ತೆಳ್ಳಗೆ ಉಳಿದಾಗ, ನೀರು ಹೊರಗೆ ಹೋಗುವ ಗಂಡಿ ಕಟ್ಟಿ, ಆಮೇಲೆ ಹಾಕುತ್ತೇನೆ. ಹಾಕಿದ ಮೇಲೆ ನಾಲ್ಕೈದು ದಿನ ಒಂದು ತೊಟ್ಟು ನೀರೂ ಹೊರಗೆ ಹೋಗಬಾರದು. ಮಳೆ ಬರುವ ಹಾಗಿದ್ದರೆ ಮುಂದಕ್ಕೆ ಹಾಕುತ್ತೇನೆ. ಕೆಳಗಿನ ಗದ್ದೆಯ ಅಣ್ಣನಿಗೆ ಒಪ್ಪಂದದ ಪ್ರಕಾರ ಹಿಂದಿನ ದಿನವೇ ಹೇಳುತ್ತೇನೆ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಗೊಬ್ಬರ ಕಮ್ಮಿ ಮಾಡಿದರೆ ಗೊಬ್ಬರದ ಖರ್ಚಲ್ಲಿ ಭಾರೀ ಉಳಿತಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯೂರಿಯಾ ಮೂಟೆಗೆ 266 ರೂಪಾಯಿ. ಒಂದೂವರೆ ಮೂಟೆ ಉಳಿಸಿದರೆ 400 ರೂಪಾಯಿ. ಇಷ್ಟು ಅಗ್ಗ ಇರುವುದಕ್ಕೇ ನಾವು ಅದನ್ನು ಲೆಕ್ಕವಿಲ್ಲದೆ ಸುರಿಯುವುದು. ಡಿಎಪಿ ಒಂದು ಮೂಟೆ ಉಳಿದರೆ 1,350. ಆದರೆ ಹೊಸದಾಗಿ ಪೊಟ್ಯಾಷ್ ಕೊಳ್ಳಬೇಕು, ಉಳಿದದ್ದರಲ್ಲಿ ಹೆಚ್ಚಿನ ಭಾಗ ಅಲ್ಲೇ ಹೋಗುತ್ತದೆ. ಗೊಬ್ಬರದ ಚೀಟಿ ಮಾತ್ರ ನೋಡಿದರೆ ಎಕರೆಗೆ ಐನೂರು, ಆರುನೂರರ ಮಾತು.

ಲಾಭ ಬಂದದ್ದು ಬೇರೆ ಕಡೆ. ಯೂರಿಯಾ ಜಾಸ್ತಿ ತಿಂದ ಪೈರು ಮೆತ್ತಗಿರುತ್ತದೆ, ಒತ್ತಾಗಿರುತ್ತದೆ. ಬೆಂಕಿ ರೋಗಕ್ಕೂ ಕಂದು ಜಿಗಿಹುಳಕ್ಕೂ ಅದೇ ಬೇಕು. ಮೊದಲು ಬೆಳೆಗೆ ಮೂರು ಸಲ ಔಷಧಿ ಹೊಡೆಯುತ್ತಿದ್ದೆ. ಔಷಧಿ, ಕೂಲಿ ಸೇರಿ ಒಂದು ಸಲಕ್ಕೆ ಎಕರೆಗೆ 1,200ಕ್ಕೆ ಕಮ್ಮಿ ಇಲ್ಲ. ಈಗ ಒಂದು ಸಲ, ಎರಡು ವರ್ಷ ಒಂದೂ ಇಲ್ಲ. ಇನ್ನೊಂದು, ಪೈರು ಮಲಗುವುದಿಲ್ಲ. ಕಟಾವು ಯಂತ್ರದವರು ಗಂಟೆ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಳ್ಳುತ್ತಾರೆ. ನೆಲಕ್ಕೆ ಬಿದ್ದ ಭತ್ತ ಎತ್ತಿ ಕೊಯ್ಯಲು ಒಂದೂವರೆ ಪಟ್ಟು ಹೊತ್ತು ಬೇಕು, ಕಾಳೂ ಉದುರುತ್ತದೆ. ಇಳುವರಿ ಏರಿದೆ ಅಂತ ನಾನು ಹೇಳುವುದಿಲ್ಲ. ಮೊದಲೂ ಎಕರೆಗೆ 22, 23 ಕ್ವಿಂಟಲ್, ಈಗಲೂ ಅಷ್ಟೇ. ಕೈಗೆ ಉಳಿಯುವುದು ಎಕರೆಗೆ ನಾಲ್ಕು ಸಾವಿರದಷ್ಟು ಜಾಸ್ತಿಯಾಗಿದೆ.

ಬೋರ್‌ವೆಲ್‌ಗೆ ಜಾಸ್ತಿ ಸಂಬಂಧ ಇರುವುದು ಗದ್ದೆಗಿಂತ ಕಬ್ಬಿನದು. ಗದ್ದೆಯದು ಜೇಡಿ ಮಣ್ಣು, ನೀರು ನಿಂತಿರುತ್ತದೆ, ಅಲ್ಲಿ ನೈಟ್ರೇಟ್ ಆಳಕ್ಕೆ ಇಳಿಯುವುದು ಕಮ್ಮಿ. ಕಬ್ಬಿನ ಕೆಂಪು ಮಣ್ಣು ಜರಡಿ ಇದ್ದ ಹಾಗೆ. ಒಂದು ದೊಡ್ಡ ನೀರು ಹಾಯಿಸಿದರೆ ಬೇರಿಗಿಂತ ಕೆಳಗೆ ಹೋಯಿತು. ಅಲ್ಲಿ ಸಾಲಿನ ಮೇಲೆ ಎರಚುವುದು ಬಿಟ್ಟು, ಬುಡದ ಪಕ್ಕ ನಾಲ್ಕು ಬೆರಳು ಆಳದಲ್ಲಿ ಹಾಕಿ ಮಣ್ಣು ಮುಚ್ಚುತ್ತೇವೆ. ಎರಡು ಕಂತು ಇದ್ದದ್ದನ್ನು ನಾಲ್ಕು ಮಾಡಿದೆ. ಹಾಕಿದ ಮೇಲೆ ಹಗುರವಾಗಿ ನೀರು. ತರಗು ಸುಡುವುದು ನಿಲ್ಲಿಸಿ ಸಾಲಲ್ಲಿ ಹೊದಿಸಿದ ಮೇಲೆ ನೀರೂ ಕಮ್ಮಿ ಸಾಕು. ಕೂಲಿ ಜಾಸ್ತಿ ಆಯಿತು, ಅದು ನಿಜ. ಆದರೆ ಆಲೆಮನೆಯಲ್ಲಿ ಅದು ವಾಪಸ್ ಬಂತು. ನಾಲ್ಕು ತಿಂಗಳ ಮೇಲೆ ಕಬ್ಬಿಗೆ ಯೂರಿಯಾ ಹಾಕುವುದನ್ನು ಪೂರ್ತಿ ಬಿಟ್ಟೆ. ತಡವಾಗಿ ಯೂರಿಯಾ ತಿಂದ ಕಬ್ಬಿನ ಹಾಲಿನಲ್ಲಿ ಬೆಲ್ಲ ಗಟ್ಟಿ ಕೂರುವುದಿಲ್ಲ, ಬಣ್ಣ ಕಪ್ಪಗೆ, ಮಳೆಗಾಲದಲ್ಲಿ ಅಂಟಂಟು. ಹಿಂದೆ ನನ್ನ ಬೆಲ್ಲ ಅಚ್ಚಿನಿಂದ ತೆಗೆದಾಗ ಮೂಲೆ ಕುಸಿಯುತ್ತಿತ್ತು. ಅಚ್ಚು ನೋಡಿಯೇ ಮಂಡಿಯವರು ಬೆಲೆ ಇಳಿಸುತ್ತಿದ್ದರು.

ಇನ್ನೊಂದು ತಪ್ಪು ಗೊಬ್ಬರದಂಗಡಿಯದಲ್ಲ, ನಮ್ಮ ಮನೆಯದು. ಬೋರ್‌ನಿಂದ ಇಪ್ಪತ್ತು ಅಡಿ ದೂರದಲ್ಲಿ, ಎತ್ತರದ ಕಡೆಯೇ ನಮ್ಮ ತಿಪ್ಪೆ ಇತ್ತು. ಮೂವತ್ತು ವರ್ಷದಿಂದ. ಮಳೆ ಬಂದರೆ ಕಪ್ಪು ನೀರು ಬೋರ್ ಕಡೆಗೇ ಹರಿಯುತ್ತಿತ್ತು. ನೀರು ಪರೀಕ್ಷೆ ಚೀಟಿ ನೋಡಿದ ನಮ್ಮ ಪಂಚಾಯಿತಿಯ ನೀರಗಂಟಿ ಮೊದಲು ಬೆರಳು ತೋರಿಸಿದ್ದೇ ಅದಕ್ಕೆ. ಸಗಣಿ ಗೊಬ್ಬರ ಒಳ್ಳೆಯದು, ಅದರಿಂದ ಏನೂ ಕೆಡುವುದಿಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಸಗಣಿ, ಗಂಜಲದ ಸಾರಜನಕವೂ ಕೊನೆಗೆ ನೈಟ್ರೇಟೇ ಆಗುತ್ತದೆ, ನೀರಿನ ಜೊತೆ ಇಳಿಯುತ್ತದೆ. 2020ರಲ್ಲಿ ತಿಪ್ಪೆಯನ್ನು ಇಳಿಜಾರಿನ ಕಡೆ ನೂರೈವತ್ತು ಅಡಿ ದೂರಕ್ಕೆ ಸಾಗಿಸಿ, ಕೆಳಗೆ ಸಿಮೆಂಟ್ ಹಾಕಿಸಿ, ಮೇಲೆ ತೆಂಗಿನ ಗರಿ ಹೊದಿಸಿದೆ. ಗೊಬ್ಬರದ ಸಾರವೂ ಮಳೆಗೆ ತೊಳೆದು ಹೋಗದೆ ಉಳಿಯಿತು.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅದೇ ಬೋರ್ ನೀರನ್ನು ಪರೀಕ್ಷೆಗೆ ಕೊಡುತ್ತೇನೆ. 2021ರಲ್ಲಿ 74 ಇತ್ತು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬದೆ ಬೇಸಿಗೆ ಭತ್ತ ಬಿಟ್ಟೆವು. ಆ ಬೇಸಿಗೆಯಲ್ಲಿ ಗದ್ದೆಗೆ ಒಂದು ಹಿಡಿ ಯೂರಿಯಾವನ್ನೂ ಹಾಕಿಲ್ಲ. ಕಳೆದ ಸಲದ ಚೀಟಿಯಲ್ಲಿ 56 ಇದೆ. ನೆಲದಡಿಯ ನೀರು ಕೆಡಲು ಮೂವತ್ತು ವರ್ಷ ತೆಗೆದುಕೊಂಡಿದೆ, ತಿಳಿಯಾಗಲೂ ನಿಧಾನವೇ. ಮೊಮ್ಮಗಳು ರಜಕ್ಕೆ ಬಂದಾಗ ಬೋರ್ ಪಕ್ಕದ ತೊಟ್ಟಿಯಲ್ಲಿ ಆಡುತ್ತಾಳೆ, ಕುಡಿಯಲು ಮಾತ್ರ ಇನ್ನೂ ಕ್ಯಾನಿನ ನೀರೇ. ಎಲ್ಲ ಚೀಟಿಗಳನ್ನೂ ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ್ದೇನೆ. 45ಕ್ಕೆ ಇಳಿದ ದಿನ ಅವಳಿಗೆ ನಮ್ಮ ಬೋರ್‌ನಿಂದಲೇ ಒಂದು ಲೋಟ ತುಂಬಿಸಿ ಕೊಡಬೇಕು ಅಂತ ನನ್ನ ಹೆಂಡತಿ ಕಾಯುತ್ತಿದ್ದಾಳೆ.