ಪೈಮಾಲ್‌ನಲ್ಲಿ ಪರಮಾಣುಗಳ ಆಯ್ಕೆ ತಪ್ಪಿದಾಗ ದೋಷವನ್ನು ಹುಡುಕುವ ಬಗೆ

ಅಣುಗಳ ಮೂರು ಆಯಾಮದ ರಚನೆಯನ್ನು ಪರದೆಯ ಮೇಲೆ ತೋರಿಸುವ ಪೈಮಾಲ್‌ನಲ್ಲಿ ಬೇಕಾದ ಪರಮಾಣುಗಳ ಜೊತೆಗೆ ಬೇಡವಾದವೂ ಆಯ್ಕೆಯಾದಾಗ ಅನೇಕರು ತಂತ್ರಾಂಶವನ್ನೇ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಆದರೆ ಬಹುತೇಕ ಸಲ ಅದು ನಾವು ಕೊಟ್ಟ ಆದೇಶವನ್ನು ಅಕ್ಷರಶಃ ಪಾಲಿಸಿರುತ್ತದೆ. ಒಂದು ಪರಮಾಣುವಿನ ಮೇಲೆ ಕ್ಲಿಕ್ ಮಾಡಿದರೆ ಇಡೀ ಅಮೈನೋ ಆಮ್ಲ ಆಯ್ಕೆಯಾಗುವುದು ಕೂಡ ದೋಷವಲ್ಲ. ಪರದೆಯ ಬಲಗಡೆ ಕೆಳಮೂಲೆಯಲ್ಲಿರುವ ಸೆಲೆಕ್ಟಿಂಗ್ ಎಂಬಲ್ಲಿ ‘ರೆಸಿಡ್ಯೂಸ್’ (ಅಮೈನೋ ಆಮ್ಲಗಳು) ಬದಲು ‘ಆಟಮ್ಸ್’ ಬರುವವರೆಗೆ ಒತ್ತಿದರೆ ಸಾಕು.

ಟೈಪ್ ಮಾಡಿದ ಆಯ್ಕೆ ತಪ್ಪಿದ್ದರೆ ಚಿತ್ರವನ್ನು ದಿಟ್ಟಿಸುತ್ತ ಕೂರದೆ ಮೊದಲು ‘ಕೌಂಟ್_ಆಟಮ್ಸ್’ ಆದೇಶದಿಂದ ಎಣಿಸಬೇಕು. ಮಾನವ ಹಿಮೋಗ್ಲೋಬಿನ್‌ನ ರಚನೆಯಿರುವ 4ಎಚ್‌ಎಚ್‌ಬಿ ಕಡತವನ್ನೇ ನೋಡೋಣ; ಅದರಲ್ಲಿ ಎ, ಸಿ ಎಂಬ ಎರಡು ಆಲ್ಫಾ ಮತ್ತು ಬಿ, ಡಿ ಎಂಬ ಎರಡು ಬೀಟಾ ಸರಪಳಿಗಳಿವೆ. ಆಮ್ಲಜನಕ ಹಿಡಿಯುವ ಹೀಮ್ ಭಾಗದ ಕಬ್ಬಿಣಕ್ಕೆ ಅಂಟಿದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಆಲ್ಫಾ ಸರಪಳಿಯಲ್ಲಿ 87ನೆಯದು. ಅದಕ್ಕಾಗಿ ‘ಪಾಲಿಮರ್ ಆ್ಯಂಡ್ ರೆಸಿ 87’ (ಸರಪಳಿಗಳಲ್ಲಿ 87ನೆಯ ಅಮೈನೋ ಆಮ್ಲ) ಎಂದು ಎಣಿಸಿದರೆ 34 ಬರುತ್ತದೆ, ಏಕೆಂದರೆ ನಾಲ್ಕೂ ಸರಪಳಿಗಳಲ್ಲಿ 87 ಎಂಬ ಸಂಖ್ಯೆ ಇದೆ ಮತ್ತು ಬೀಟಾ ಸರಪಳಿಗಳಲ್ಲಿ ಆ ಜಾಗದಲ್ಲಿ ಇರುವುದು ಥ್ರಿಯೋನಿನ್. ಹೈಡ್ರೋಜನ್ ಬಿಟ್ಟರೆ ಹಿಸ್ಟಿಡಿನ್‌ನಲ್ಲಿ 10, ಥ್ರಿಯೋನಿನ್‌ನಲ್ಲಿ 7 ಪರಮಾಣುಗಳಿರುವುದರಿಂದ ಲೆಕ್ಕ ಸರಿಹೋಗುತ್ತದೆ. ‘ಇಟರೇಟ್’ ಆದೇಶದಿಂದ ಚೈನ್ (ಸರಪಳಿ), ರೆಸಿ (ಸಂಖ್ಯೆ), ರೆಸ್ನ್ (ಅಮೈನೋ ಆಮ್ಲದ ಹೆಸರು), ನೇಮ್ (ಪರಮಾಣುವಿನ ಹೆಸರು) ಇವನ್ನು ಮುದ್ರಿಸಿಕೊಂಡರೆ ಹೊಕ್ಕವರು ಯಾರೆಂದು ಸಾಲುಸಾಲಾಗಿ ಕಾಣುತ್ತದೆ.

ಬೀಟಾ ಸರಪಳಿಯಲ್ಲಿ ಅದೇ ಹಿಸ್ಟಿಡಿನ್ 92ನೆಯದು. ಇಲ್ಲಿ ನಮ್ಮ ಮಾತಿನ ರೂಢಿಯೇ ಅಡ್ಡ ಬರುತ್ತದೆ: ‘87 ಮತ್ತು 92 ಬೇಕು’ ಎನ್ನುವ ನಾವು ನಡುವೆ ‘ಆ್ಯಂಡ್’ ಹಾಕುತ್ತೇವೆ, ಆದರೆ ಒಂದೇ ಪರಮಾಣು ಎರಡೂ ಕಡೆ ಇರಲಾರದ್ದರಿಂದ ಆಯ್ಕೆ ಖಾಲಿಯಾಗುತ್ತದೆ. ಎ, ಸಿ ಸರಪಳಿಗಳ 87 ಒಂದು ಆವರಣದಲ್ಲಿ, ಬಿ, ಡಿ ಸರಪಳಿಗಳ 92 ಇನ್ನೊಂದು ಆವರಣದಲ್ಲಿ ಇಟ್ಟು ನಡುವೆ ‘ಆರ್’ ಹಾಕಿದರೆ ನಾಲ್ಕು ಹಿಸ್ಟಿಡಿನ್‌ಗಳ 40 ಪರಮಾಣುಗಳು ಸಿಗುತ್ತವೆ. ಆವರಣಗಳ ವಿಷಯದಲ್ಲಿ ಜಿಪುಣತನ ಬೇಡ.

‘ನೇಮ್ ಸಿಎ’ ಇನ್ನೂ ನವಿರಾದ ಬಲೆ. ಪ್ರತಿ ಅಮೈನೋ ಆಮ್ಲದ ನಡುವಿನ ಆಲ್ಫಾ ಕಾರ್ಬನ್ ಮತ್ತು ಕ್ಯಾಲ್ಸಿಯಂ ಅಯಾನು ಎರಡರ ಹೆಸರೂ ಸಿಎ ಆಗಿರುವುದರಿಂದ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನಾದ ಕ್ಯಾಲ್‌ಮಾಡ್ಯುಲಿನ್‌ನ 1ಸಿಎಲ್‌ಎಲ್ ಕಡತದಲ್ಲಿ ನಾಲ್ಕು ಕ್ಯಾಲ್ಸಿಯಂಗಳೂ ಬೆನ್ನೆಲುಬಿನ ಜೊತೆಗೆ ಸೇರಿಕೊಳ್ಳುತ್ತವೆ. ‘ಆ್ಯಂಡ್ ಎಲೆಮ್ ಸಿ’ (ಮೂಲವಸ್ತು ಕಾರ್ಬನ್) ಎಂದು ಸೇರಿಸಿದರೆ ಅವು ಹೊರಬೀಳುತ್ತವೆ.

ಒಂದೇ ಪಾರ್ಶ್ವಸರಪಳಿಗೆ (ಅಮೈನೋ ಆಮ್ಲದ ಹೊರಚಾಚಿದ ಭಾಗ) ಎರಡು ಭಂಗಿಗಳಿರುವ ಕಡತಗಳಲ್ಲಿ ‘ಆಲ್ಟ್ ಎ’ (ಎ ಗುರುತಿನ ಪರ್ಯಾಯ ಭಂಗಿ) ಎಂದಷ್ಟೇ ಬರೆದರೆ ಒಂದೇ ಭಂಗಿಯಿರುವ ಉಳಿದೆಲ್ಲ ಪರಮಾಣುಗಳು ತಪ್ಪಿಹೋಗುತ್ತವೆ, ಏಕೆಂದರೆ ಅವುಗಳ ಆಲ್ಟ್ ಅಂಕಣ ಖಾಲಿ. ಖಾಲಿ ಉದ್ಧರಣ ಚಿಹ್ನೆಯನ್ನೂ ‘ಎ’ಯನ್ನೂ ಕೂಡಿಸುವ ಗುರುತಿನಿಂದ ಜೋಡಿಸಿ ಕೊಡಬೇಕು. ಇನ್ನು ಲಿಗ್ಯಾಂಡಿನ (ಪ್ರೋಟೀನಿಗೆ ಅಂಟಿದ ಸಣ್ಣ ಅಣು) 5 ಆಂಗ್‌ಸ್ಟ್ರಾಮ್ ಸುತ್ತಲಿನ ಹಳೆಯ ಆಯ್ಕೆಯು, ಲಿಗ್ಯಾಂಡನ್ನು ಸರಿಸಿದ ಮೇಲೆ ತಾನಾಗಿ ಬದಲಾಗುವುದಿಲ್ಲ. ಅದೇ ಆದೇಶವನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ.