ಬೊಂತ್ಯೆಲ್ ತಿಂಗಳಲ್ಲಿ ಮಡೆಂಜಿಗೆ ಗಾಳ

ಮಳೆಗಾಲದಲ್ಲಿ ಬೆಳಕು ಹರಿಯುವ ಮೊದಲೇ ತೋಡಿನ (ಸಣ್ಣ ಹಳ್ಳದ) ಬದಿಗೆ ಗಾಳ ಹಿಡಿದು ಓಡುವವರು ತುಳು ತಿಂಗಳಾದ ಬೊಂತ್ಯೆಲ್ ಬಂದ ಮೇಲೆ ಆ ಅಭ್ಯಾಸ ಬಿಡಬೇಕು. ಅಕ್ಟೋಬರ್ ಕೊನೆಗೆ ಉಡುಪಿ ಸುತ್ತ ಬೆಳಗಿನ ಜಾವ ಮೂಡು ಗಾಳಿ, ಇಬ್ಬನಿ ಶುರು. ಮೊಣಕಾಲು ಮಟ್ಟದ ನೀರು ರಾತ್ರಿ ಬೇಗ ತಣಿಯುತ್ತದೆ, ಮಡೆಂಜಿ (ಹಾವಿನಂಥ ತಲೆಯ ಸಿಹಿನೀರಿನ ಮೀನು, ಮುರೆಲ್) ಮಂಕಾಗಿ ಕೆಳಗೆ ಮಲಗಿರುತ್ತದೆ. ದಡದ ಕೆಸುವಿನ ಎಲೆ ದಾಟಿ ಬಿಸಿಲು ನೀರಿಗೆ ಬಿದ್ದ ಮೇಲೆ, ಎಂಟೂವರೆಯಿಂದ ಹನ್ನೊಂದರವರೆಗೆ, ನಾನು ಗಾಳ ಹಾಕುವುದು. ಹಿಂದಿನ ಸಂಜೆ ಜೋರು ಮಳೆ ಬಂದು ನೀರು ಕೆಂಪಾಗಿದ್ದರೆ ಎರಡು ದಿನ ಕಾಯುತ್ತೇನೆ.

ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಿಗೆ ಗದ್ದೆಯ ನೀರು ಬಿಟ್ಟಾಗ ಮೀನು ತೋಡಿಗೆ, ಅಲ್ಲಿಂದ ಸ್ವರ್ಣಾ ಹೊಳೆಯ ಗುಂಡಿಗಳಿಗೆ ಇಳಿಯುತ್ತದೆ. ಗದ್ದೆಯ ನೀರು ತೋಡಿಗೆ ಬೀಳುವ ಬಾಯಿ ಮೊದಲು ನೋಡಿ. ಮಡೆಂಜಿ ಗಾಳಿ ಕುಡಿಯಲು ಮೇಲೆ ಬರಲೇಬೇಕು. ಹತ್ತು ನಿಮಿಷ ಅಲುಗಾಡದೆ ಕುಳಿತರೆ ಗುಳ್ಳೆಯೊಡೆದು ‘ಬುಳುಕ್’ ಎನ್ನುವ ಜಾಗ ತಿಳಿಯುತ್ತದೆ. ನೇರ ಅದರ ತಲೆಯ ಮೇಲೆ ಎಸೆಯಬೇಡಿ, ಎರಡು ಮಾರು ಆಚೆ ಎಸೆದು ಎಳೆದು ತನ್ನಿ.

ನನ್ನದು ಏಳು ಅಡಿಯ ಗಟ್ಟಿ ರಾಡ್, 30 ಪೌಂಡ್ ಬ್ರೇಡ್ (ಹೆಣೆದ ದಾರ), ತುದಿಗೆ ಒಂದೂವರೆ ಅಡಿ 40 ಪೌಂಡ್ ನೈಲಾನ್. ಮಡೆಂಜಿಯ ಹಲ್ಲಿಗೆ ಬರೀ ಬ್ರೇಡ್ ಸವೆದು ಹೋಗುತ್ತದೆ. ಸುಮಾರು 10 ಗ್ರಾಂ ತೂಕದ ರಬ್ಬರ್ ಕಪ್ಪೆ (ಕಪ್ಪೆಯಾಕಾರದ ಕೃತಕ ಆಮಿಷ) ಸಾಕು. ಅಂಗಡಿಯಲ್ಲೇ ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ: ಬೆನ್ನಿಗೆ ಅಂಟಿಕೊಂಡ ಗಾಳದ ಎರಡೂ ಮುಳ್ಳು ಸಲೀಸಾಗಿ ಹೊರಬರಬೇಕು. ರಬ್ಬರ್ ಬಿರುಸಾಗಿದ್ದರೆ ಮೀನು ಕಚ್ಚುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಕಪ್ಪೆಯ ಹಿಂದಿನ ಎಳೆಗಳನ್ನು ಎರಡು ಇಂಚಿಗೆ ಕತ್ತರಿಸುತ್ತೇನೆ. ಉದ್ದವಿದ್ದರೆ ಬರೀ ಬಾಲ ಕಚ್ಚಿ ಬಿಡುತ್ತದೆ. ಕಪ್ಪೆಯ ಹೊಟ್ಟೆಗೆ ನೀರು ತುಂಬಿದಾಗ ಹಿಂಡಿ ತೆಗೆಯಿರಿ.

ತಣ್ಣಗಿನ ದಿನ ನಿಧಾನ ಮುಖ್ಯ. ಎರಡು ಎಳೆತ, ಒಂದು ನಿಲುಗಡೆ. ನೀರು ಸಿಡಿದ ಕೂಡಲೇ ಎಳೆಯುವುದೇ ಎಲ್ಲರ ತಪ್ಪು. ಮನಸ್ಸಿನಲ್ಲೇ ಎರಡು ಎಣಿಸಿ, ದಾರ ಬಿಗಿಯಾದಾಗ ಜೋರಾಗಿ ಎತ್ತಿ, ತಲೆ ಅಂತರಗಂಗೆಯೊಳಗೆ ನುಗ್ಗದಂತೆ ಮೇಲಕ್ಕೇ ಹಿಡಿಯಿರಿ.

ಕೆಂಪು ಮರಿಗಳ ಗುಂಪಿನ ಪಕ್ಕ ಗಾಳ ಹಾಕಬೇಡಿ. ಕಾವಲಿಗಿರುವ ತಂದೆ ತಾಯಿ ಹೋದರೆ ಮರಿಗಳು ಉಳಿಯುವುದಿಲ್ಲ. ಮಧ್ಯಾಹ್ನದ ನಂತರ ಗುಡುಗು ಕೇಳಿದರೆ ಕಾರ್ಬನ್ ರಾಡ್ ಕೆಳಗಿಟ್ಟು ಹೊರಡಿ.

ಮುಂದೆ ಕಿಂಡಿ ಅಣೆಕಟ್ಟಿಗೆ ನೀರು ತಡೆಯಲು ಹಲಗೆ ಹಾಕಿದ ವಾರ ಮೇಲಿನ ನೀರು ಏರುತ್ತದೆ. ಆಗ ಹಳೆಯ ಗುಂಡಿ ಬಿಟ್ಟು, ಹೊಸದಾಗಿ ಮುಳುಗಿದ ದಡದ ಹುಲ್ಲಿನ ಅಂಚಿನಲ್ಲಿ ಹುಡುಕಿ.