ಚಿಕ್ಕಮಗಳೂರಿನ ಚಳಿಗೆ ಯಾವ ಗಿಡ: ನಮ್ಮ ಹಿತ್ತಲಿನ ಲೆಕ್ಕ

ಚಳಿ ದೇಶಗಳ ಹೂಬೀಜದ ಪೊಟ್ಟಣದ ಹಿಂದೆ 'ಕೊನೆಯ ಹಿಮ ಕಳೆದ ಮೇಲೆ ಬಿತ್ತಿ' ಎಂದಿರುತ್ತದೆ. ಕೈಮರದ ಹತ್ತಿರ ಇರುವ ನಮ್ಮ ಹಿತ್ತಲಲ್ಲಿ ಹಿಮ ಬೀಳುವುದೇ ಇಲ್ಲ. ಸಾವಿರ ಮೀಟರಿಗೂ ಎತ್ತರದ ಜಾಗ, ನಿಜ. ಆದರೂ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 13ರಿಂದ 15 ಡಿಗ್ರಿಗೆ ಇಳಿದು ನಿಲ್ಲುತ್ತದೆ. ಹಗಲಲ್ಲಿ ಒಳ್ಳೆ ಬಿಸಿಲು. ಇಲ್ಲಿ ಗಿಡ ಸಾಯುವುದು ಚಳಿಗಲ್ಲ, ಮಳೆಗಾಲದಲ್ಲಿ ಬುಡಕ್ಕೆ ಕಟ್ಟಿಕೊಳ್ಳುವ ನೀರಿಗೆ. ಅಮೆರಿಕದ ಕೃಷಿ ಇಲಾಖೆ ಮಾಡಿರುವ 13 ವಲಯಗಳ ನಕ್ಷೆ ನೋಡಿ ಗಿಡ ಆರಿಸುವವರಿದ್ದಾರೆ. ಆ ನಕ್ಷೆ ವರ್ಷದ ಅತಿ ಚಳಿಯ ರಾತ್ರಿಯನ್ನಷ್ಟೇ ಲೆಕ್ಕ ಹಾಕುತ್ತದೆ, ಆಷಾಢದ ಜಡಿಮಳೆ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಾನು ಗಿಡ ತರುವಾಗ ನೋಡುವುದು ಎರಡೇ: ಮಳೆಗಾಲವನ್ನು ದಾಟುತ್ತದಾ, ಇಲ್ಲವಾದರೆ ಮಳೆ ನಿಂತ ಮೇಲೆ ನೆಟ್ಟು ಬೇಸಿಗೆಗೆ ಮೊದಲೇ ಮುಗಿಯುತ್ತದಾ.

ಮಳೆಯನ್ನೇ ಇಷ್ಟಪಡುವ ಹೂವೆಂದರೆ ಡೇರೆ. ಹಿಮ ಬೀಳುವ ಊರಿನವರು ಇದರ ಗೆಡ್ಡೆಯನ್ನು ಚಳಿಗೆ ಹೆದರಿ ಅಗೆದು ಒಳಗಿಡುತ್ತಾರೆ. ನಾವೂ ಅಗೆಯುತ್ತೇವೆ, ಕಾರಣ ಬೇರೆ: ದೀಪಾವಳಿ ಹೊತ್ತಿಗೆ ಗಿಡ ಒಣಗುತ್ತದೆ, ಗೆಡ್ಡೆಯನ್ನು ನೆಲದಲ್ಲೇ ಬಿಟ್ಟರೆ ಕೊಳೆಯುತ್ತದೆ, ಇಲ್ಲವೇ ಹೆಗ್ಗಣದ ಪಾಲು. ಮಣ್ಣು ಉದುರಿಸಿ, ನೆರಳಲ್ಲಿ ಆರಿಸಿ, ಒಣ ಮರಳು ತುಂಬಿದ ಬುಟ್ಟಿಯಲ್ಲಿ ಹೂತು ಅಟ್ಟದ ಮೇಲಿಟ್ಟರೆ ಭರಣಿ ಮಳೆವರೆಗೆ ಚಿಂತೆಯಿಲ್ಲ. ನಮ್ಮ ಕಡೆ ಡೇರೆ ಗೆಡ್ಡೆ ದುಡ್ಡಿಗೆ ಬರುವುದಕ್ಕಿಂತ ಕೈಯಿಂದ ಕೈಗೆ ಬರುವುದೇ ಹೆಚ್ಚು. ಕೊಡುವಾಗ ಮಾತ್ರ ಅತ್ತೆ ಮೊದಲೇ ಎಚ್ಚರಿಸುತ್ತಾರೆ: "ಕಣ್ಣು ನೋಡಿ ಕೊಡೇ. ಕಣ್ಣಿಲ್ಲದ್ದು ಕೊಟ್ರೆ ಆಮೇಲೆ ಅವರು ನಮಗೆ ಹೇಳ್ತಾರೆ." ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಹೇಗೆ ಕೊಯ್ದರೂ ಒಂದಾದರೂ ಸಿಗುತ್ತದೆ. ಡೇರೆಗೆ ಹಾಗಲ್ಲ. ಕಣ್ಣಿರುವುದು ಹಳೆ ಕಾಂಡಕ್ಕೆ ಗೆಡ್ಡೆ ಅಂಟಿರುವ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದರೆ ಎಷ್ಟೇ ದಪ್ಪ ಗೆಡ್ಡೆಯಾದರೂ ಚಿಗುರುವುದಿಲ್ಲ. ಇನ್ನೊಂದು, ಊರುಗೋಲನ್ನು ನೆಡುವ ದಿನವೇ ಹುಗಿಯಬೇಕು. ಗಿಡ ಬಗ್ಗಿದ ಮೇಲೆ ಕೋಲು ಚುಚ್ಚಿದರೆ ಅದು ಇಳಿಯುವುದು ಗೆಡ್ಡೆಗೇ. ನಾನು ಅಡಿಕೆ ದಬ್ಬೆ ಹುಗಿಯುತ್ತೇನೆ.

ಹೈಡ್ರಾಂಜಿಯಾ ಕೂಡ ಮಳೆ ತಡೆಯುತ್ತದೆ, ನೀರು ಬಸಿದು ಹೋಗಬೇಕು ಅಷ್ಟೆ. ನಮ್ಮ ಮಣ್ಣು ಹುಳಿ, ಅದರಲ್ಲಿರುವ ಅಲ್ಯೂಮಿನಿಯಂ ಬೇರಿಗೆ ಸಿಗುವುದರಿಂದ ಹೂ ನೀಲಿ. ಕಾಫಿ ತೋಟಕ್ಕೆ ಸುಣ್ಣ ಎರಚುವಾಗ ಒಂದು ಗಿಡದ ಬುಡಕ್ಕೂ ಹಾಕುತ್ತಾ ಬಂದರೆ ಅದು ಮೆಲ್ಲಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಹೂವಿನದ್ದು ಮಾತ್ರ ಏನು ಹಾಕಿದರೂ ಬಿಳಿಯೇ. ಇದನ್ನು ಗುಲಾಬಿ ಗಿಡದ ಜೊತೆ ಅಕ್ಟೋಬರಿನಲ್ಲಿ ಸವರಬಾರದು. ಹೂ ಬರುವುದು ಹಿಂದಿನ ವರ್ಷದ ಕಡ್ಡಿಯಲ್ಲಿ; ಹೂ ಬಾಡಿದ ಕೂಡಲೇ ಕತ್ತರಿಸಬೇಕು. ಗುಲಾಬಿ ಇದಕ್ಕೆ ತದ್ವಿರುದ್ಧ, ಹೊಸ ಚಿಗುರಲ್ಲೇ ಹೂ. ಮಳೆ ಬಿಟ್ಟ ಮೇಲೆ ಸವರಿದರೆ ಹೆಚ್ಚುಕಡಿಮೆ 45 ದಿನಕ್ಕೆ ಮೊಗ್ಗು.

ತರಕಾರಿಗೆ ನಮ್ಮ ಹೊಸ ವರ್ಷ ಹಸ್ತಾ ಮಳೆಗೆ ಶುರು. ಕೋಸು, ನವಿಲುಕೋಸಿನ ಅಗೆಯನ್ನು ಸೋಗೆಯ ಚಪ್ಪರದಡಿ ಹಾಕಿಕೊಂಡು, ತಿಂಗಳ ಸಸಿಯನ್ನು ಎತ್ತರದ ಏರುಮಡಿಗೆ ನಾಟಿ ಮಾಡುತ್ತೇನೆ. ಕ್ಯಾರೆಟ್ ಕಿತ್ತು ನೆಡುವ ಗಿಡವಲ್ಲ. ಬೀಜವನ್ನು ಮರಳಿನ ಜೊತೆ ಬೆರೆಸಿ ಮಡಿಯಲ್ಲೇ ಸಾಲಾಗಿ ಉದುರಿಸಬೇಕು, ಹಸಿ ಗೊಬ್ಬರ ಹಾಕಿದರೆ ಬೇರು ಕವಲೊಡೆಯುತ್ತದೆ. ಹೂಕೋಸಿನ ವಿಷಯ ಸ್ವಲ್ಪ ಸೂಕ್ಷ್ಮ. ಅದರ ತಳಿಗಳನ್ನು ವಿಂಗಡಿಸಿರುವುದೇ ಹೂ ಕಟ್ಟಲು ಬೇಕಾದ ತಂಪಿನ ಮೇಲೆ. ಸ್ನೋಬಾಲ್ ಜಾತಿಗೆ 10ರಿಂದ 16 ಡಿಗ್ರಿ ಬೇಕು, ನಮ್ಮ ಹಗಲು ಅದಕ್ಕೆ ಬಿಸಿ. ಅಂಗಡಿಯಲ್ಲಿ 'ಒಳ್ಳೇ ಕಂಪನಿ ಬೀಜ ಅಕ್ಕ' ಎಂದರೆ ನಾನು ಕೇಳುವುದು ಯಾವ ಹಂಗಾಮಿನದ್ದು ಅಂತ. ಮಧ್ಯಮ ಹಂಗಾಮಿನದ್ದಾದರೆ ಮಾತ್ರ ತರುತ್ತೇನೆ. ಬಟಾಣಿ ಚೆನ್ನಾಗಿ ಬರುತ್ತದೆ, ಇಬ್ಬನಿ ಜಾಸ್ತಿಯಾದಾಗ ಎಲೆಗೆ ಬೂದಿರೋಗ ಹತ್ತುತ್ತದೆ. ಸಾಲು ಅಗಲ ಬಿಟ್ಟು ಗಾಳಿ ಆಡಲು ಬಿಡುವುದೇ ನನ್ನ ಮುಖ್ಯ ಮದ್ದು.

ಸೇವಂತಿಗೆ ಮತ್ತು ನಾಟಿ ಅವರೆಗೆ ಚಳಿಗಿಂತ ಮುಖ್ಯವಾದದ್ದು ಕತ್ತಲು. ರಾತ್ರಿ ಉದ್ದವಾದರೇ ಇವೆರಡೂ ಮೊಗ್ಗಿಡುವುದು. ನಮ್ಮ ಗೇಟಿನ ಪಕ್ಕ ಬೀದಿದೀಪ ಹಾಕಿದ ಮೇಲೆ ಅದರ ಕೆಳಗಿನ ಸೇವಂತಿಗೆ ಬರೀ ಸೊಪ್ಪು ಬೆಳೆಯಿತು. ಮನೆ ಹಿಂದಿನ ಕತ್ತಲಲ್ಲಿದ್ದ ಅದೇ ತಳಿ ತುಂಬಾ ಹೂ ಬಿಟ್ಟಿತು. ಗೊಬ್ಬರ ಸುರಿಯುವ ಮೊದಲು ರಾತ್ರಿ ಎದ್ದು ಗಿಡದ ಮೇಲೆ ಬೆಳಕು ಬೀಳುತ್ತಿದೆಯಾ ನೋಡಿ. ಅವರೆಯಲ್ಲಿ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಂಗಿಲ್ಲ, ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಸೊಗಡು ಬೇಕೆಂದರೆ ಮಾತ್ರ ನಾಟಿಯದ್ದೇ ಸೈ.

ಸೇಬಿನ ಗಿಡ ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ಹಿಮಾಚಲದ ಹಳೆಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯಷ್ಟು ಸಿಗಬೇಕು. ಅದು ಇಲ್ಲಿಯ ಮಾತಲ್ಲ. ಅನ್ನಾ, ಎಚ್‌ಆರ್‌ಎಂಎನ್-99 ತರಹದ ಕಡಿಮೆ ಚಳಿ ಬೇಡುವ ತಳಿಗಳನ್ನು ನೆಡಬಹುದು, ಬೆಟ್ಟದ ಹಣ್ಣಿನ ಬಣ್ಣ ಮಾತ್ರ ನಿರೀಕ್ಷಿಸಬೇಡಿ. ಟ್ಯುಲಿಪ್ ಗೆಡ್ಡೆಯನ್ನು ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ 12ರಿಂದ 14 ವಾರ ಇಟ್ಟು ನೆಟ್ಟರೆ ಒಂದು ಸಲ ಹೂ ನೋಡಬಹುದು. ಪಕ್ಕದಲ್ಲಿ ಮಾತ್ರ ಸೇಬು, ಬಾಳೆಹಣ್ಣು ಇಡಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಮೂರು ತಿಂಗಳು ಹಣ್ಣಿಲ್ಲದ ಫ್ರಿಜ್ಜು ನಮ್ಮನೆಯಲ್ಲಿ ಆಗದ ಮಾತು, ಆ ಕುಂಡದಲ್ಲಿ ಕೊತ್ತಂಬರಿ ಹಾಕಿದ್ದೇನೆ.